ಚನಬಸಪ್ಪನ ಕಾರು ನಿಲ್ಲುವ ತನಕ

ಬಾಗಲಗುಂಟೆಯಿಂದ ಬೆಳಿಗ್ಗೆ ಹೊರಡುವ ಒಂದು ಬಸ್ಸಿನ ಹಿಂದೆ ಖಾಲಿ ಬಿಳಿ ಕಾರೊಂದು ಜಾಲಹಳ್ಳಿ ಕ್ರಾಸ್‌ವರೆಗೂ ಬಿಡದೆ ಹೋಗುತ್ತಿದ್ದ ಕಾಲವಿತ್ತು. ತುಮಕೂರು ರಸ್ತೆಯಲ್ಲಿ ಆಗಿನ್ನೂ ಮೆಟ್ರೋ ಕಂಬಗಳು ಏಳುತ್ತಿದ್ದವು. ಬಸ್ಸು ನಿಂತರೆ ಕಾರೂ ನಿಲ್ಲುತ್ತಿತ್ತು, ಅಂದರೆ ನಿಲ್ಲಲು ತನ್ನ ಕೈಲಾದಷ್ಟು ಪ್ರಯತ್ನ ಮಾಡುತ್ತಿತ್ತು. ಬಸ್ಸು ಹೊರಟರೆ ಹೊರಡುತ್ತಿತ್ತು. ಬಸ್ಸಿನೊಳಗೆ ಮಹಾದೇವಕ್ಕ. ಕಾರು ಓಡಿಸುತ್ತಿದ್ದವನು ಅವಳ ಗಂಡ ಚನಬಸಪ್ಪ. ಪಕ್ಕದ ಸೀಟಿನಲ್ಲಿ ನಾನು, ವಿಶ್ರುತ್, ಅವರದೇ ವಠಾರದ ಮಹಡಿ ಮೇಲಿನ ಒಂಟಿ ಕೋಣೆಯವನು. ನಾನು ಕೂತಿದ್ದರೂ ಜನ ಅದನ್ನು ಖಾಲಿ ಕಾರು ಎಂದೇ ಕರೆಯುತ್ತಿದ್ದರು ಎಂದ ಮೇಲೆ ನನ್ನ ತೂಕ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ.

ಚನಬಸಪ್ಪ ಮತ್ತು ನಾನು ಪೀಣ್ಯ ಎರಡನೇ ಹಂತದಲ್ಲಿ ದಾಸಪ್ಪನವರ ಸಣ್ಣ ಕಾರ್ಖಾನೆಯಲ್ಲಿದ್ದೆವು. ನಾನು ಡಿಪ್ಲೊಮಾ ಮುಗಿಸಿ ಪ್ರೋಗ್ರಾಮರ್ ಆಗಿ ಸೇರಿದವನು. ಪೀಣ್ಯದ ಪ್ರೋಗ್ರಾಮರ್ ಬೇರೆ, ವೈಟ್‌ಫೀಲ್ಡಿನ ಪ್ರೋಗ್ರಾಮರ್ ಬೇರೆ. ಕಬ್ಬಿಣ ಕೊರೆಯುವ ಯಂತ್ರಕ್ಕೆ ಎಲ್ಲಿ ಕೊರೆಯಬೇಕು, ಎಷ್ಟು ಕೊರೆಯಬೇಕು ಎಂದು ಬರೆದುಕೊಡುವುದು ನನ್ನ ಕೆಲಸ. ನಮ್ಮಲ್ಲೂ ಏಸಿ ಇತ್ತು. ಅದು ಯಂತ್ರದ ಪ್ಯಾನೆಲ್ಲಿನ ಒಳಗಿತ್ತು, ಯಂತ್ರಕ್ಕೆ ಮಾತ್ರ ಬೀಸುತ್ತಿತ್ತು. ಊರಲ್ಲಿ ನನ್ನಮ್ಮ ‘ಮಗ ಏಸಿ ಇರೋ ಕಡೆ ಕೆಲಸದಲ್ಲಿದ್ದಾನೆ’ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಚನಬಸಪ್ಪ ಬಾದಾಮಿ ಕಡೆಯವನು. ಬೆಂಗಳೂರಿಗೆ ಬಂದದ್ದು ಕಟ್ಟಡದ ಕೂಲಿಗೆ. ನಮ್ಮ ಕಾರ್ಖಾನೆಯ ಗೋಡೆಗೆ ಇಟ್ಟಿಗೆ ಹೊತ್ತವರಲ್ಲಿ ಅವನೂ ಒಬ್ಬ. ಗೋಡೆ ಎದ್ದ ಮೇಲೆ ಉಳಿದವರೆಲ್ಲ ಮುಂದಿನ ಕಟ್ಟಡಕ್ಕೆ ಹೋದರು, ಇವನು ಒಳಗೇ ಉಳಿದುಬಿಟ್ಟ. ಲೇತ್ ಯಂತ್ರದ ಕೆಳಗೆ ಬೀಳುವ ಕಬ್ಬಿಣದ ಸುರುಳಿ ಗುಡಿಸುತ್ತ ಗುಡಿಸುತ್ತ ಅದರ ಮುಂದೆ ನಿಲ್ಲುವುದನ್ನು ಕಲಿತು ಟರ್ನರ್ ಆದ. ಎತ್ತರದ ಆಳು, ಅಗಲವಾದ ಕೈ. ಆದರೆ ಅವನ ದೇಹದಲ್ಲಿ ಎಲ್ಲಕ್ಕಿಂತ ಚುರುಕಾಗಿದ್ದದ್ದು ಕತ್ತು. ಬೈದರೂ ಬಗ್ಗುತ್ತಿತ್ತು, ಹೊಗಳಿದರೂ ಬಗ್ಗುತ್ತಿತ್ತು, ಯಾರಾದರೂ ‘ಊಟ ಆಯ್ತಾ’ ಎಂದು ಜೋರಾಗಿ ಕೇಳಿದರೂ ಬಗ್ಗುತ್ತಿತ್ತು.

ಆ ಕತ್ತು ಪೂರ್ತಿ ಬಗ್ಗಿಹೋದದ್ದು ಎಡ ಬಲದ ವಿಷಯದಲ್ಲಿ. ನಾವು ಮಾಡುತ್ತಿದ್ದ ಒಂದು ಬಿಡಿಭಾಗ ಎಡಕ್ಕೊಂದು, ಬಲಕ್ಕೊಂದು. ನೋಡಲು ಅವಳಿಜವಳಿ. ಪ್ಯಾಕಿಂಗಿನವನು ರಜೆ ಹಾಕಿದ ದಿನ ಚನಬಸಪ್ಪ ಎಡದ ಡಬ್ಬಕ್ಕೆ ಬಲದ್ದನ್ನೂ ಬಲದ ಡಬ್ಬಕ್ಕೆ ಎಡದ್ದನ್ನೂ ತುಂಬಿ ಕಳಿಸಿಬಿಟ್ಟ. ಗಿರಾಕಿ ಕಂಪನಿಯವರು ತಮ್ಮ ಕೆಲಸ ನಿಲ್ಲಿಸಿ, ದಾಸಪ್ಪನವರನ್ನೂ ಇವನನ್ನೂ ಕರೆಸಿಕೊಂಡು, ಸಾಲಾಗಿ ನಿಂತ ತಮ್ಮ ಹುಡುಗರ ಎದುರಿಗೆ ಒಂದೊಂದು ಕೈಯಲ್ಲಿ ಒಂದೊಂದು ಪೀಸು ಹಿಡಿಸಿ, ಯಾವುದು ಯಾವ ಕಡೆಯದು ಎಂದು ಇವನ ಬಾಯಿಂದಲೇ ಹೇಳಿಸಿದರಂತೆ. ಬಂದವನು ಕ್ಯಾಂಟೀನಿನಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟ. ಬುತ್ತಿ ಬಿಚ್ಚುತ್ತಿದ್ದದ್ದು ಲೇತಿನ ಮರೆಯಲ್ಲಿ.

ದಾಸಪ್ಪನವರು ಗೋಡೆಯ ಮೇಲೆ ದೊಡ್ಡದಾಗಿ ಬೋರ್ಡು ಬರೆಸಿದರು: ‘ಎಡ ಎಂದರೆ ಎಡ, ಬಲ ಎಂದರೆ ಬಲ.’ ಎಡದ್ದಕ್ಕೆ ಹಳದಿ ಚುಕ್ಕೆ, ಬಲದ್ದಕ್ಕೆ ಕೆಂಪು ಚುಕ್ಕೆ ಇಡುವ ಪದ್ಧತಿ ಶುರುವಾಯಿತು. ಆ ಚುಕ್ಕೆಗಳನ್ನು ಚನಬಸಪ್ಪ ಎಷ್ಟು ಭಕ್ತಿಯಿಂದ ಇಡುತ್ತಿದ್ದನೆಂದರೆ ಹುಡುಗರು ಅವನ ಚಪ್ಪಲಿಗಳಿಗೂ ಇಟ್ಟು ತಮಾಷೆ ಮಾಡಿದರು. ಅವನು ಅವನ್ನು ಒರೆಸಲಿಲ್ಲ. ಚಪ್ಪಲಿ ಸವೆಯುವವರೆಗೂ ಹಾಗೇ ತಿರುಗಿದ.

ಇಂಥವನು ಕಾರು ತಗೊಂಡ. ವಠಾರದಲ್ಲಿ ಮೊದಲನೆಯದು. ಹಳೆಯದು, ಚಿಕ್ಕದು, ಬೀದಿಗೆ ನಾಲ್ಕರಂತೆ ಕಾಣುವ ಜಾತಿಯದು. ಮಹಾದೇವಕ್ಕ ಗೊರಗುಂಟೆಪಾಳ್ಯದ ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಕೆಲಸದವಳು, ದಿನವಿಡೀ ಕಾಲರು, ಕಫು ನೋಡಿ ನೋಡಿ ಎಸೆಯುವ ಕಣ್ಣು ಅವಳದು. ಕಾರಿನ ಪೂಜೆಯ ದಿನ ಜೊತೆ ಕೆಲಸದವರನ್ನೆಲ್ಲ ಮಾರಮ್ಮನ ಗುಡಿಗೆ ಕರೆದಿದ್ದಳು. ಹೊಸ ಸೀರೆ ಉಟ್ಟು, ಗಂಡನ ಪಕ್ಕದಲ್ಲಿ ಕೂತು, ಇಳಿಜಾರಿನಲ್ಲಿ ಗುಡಿಯ ಹತ್ತಿರ ಬಂದಳು. ಗೆಳತಿಯರು ಕೈ ಬೀಸಿದರು. ಚನಬಸಪ್ಪ ಬ್ರೇಕು ಒತ್ತಿದ. ಕಾರು ಅವನ ಮಾತನ್ನು ಅರ್ಧ ಮಾತ್ರ ಕೇಳಿತು. ಗೆಳತಿಯರನ್ನು ದಾಟಿ, ಗುಡಿಯನ್ನು ದಾಟಿ, ಭಕ್ತರು ಬಿಟ್ಟಿದ್ದ ಚಪ್ಪಲಿಗಳ ರಾಶಿಯನ್ನು ದೋಸೆ ಮಗುಚಿದ ಹಾಗೆ ಮಗುಚಿ, ತೆಂಗಿನಕಾಯಿ ಬುಟ್ಟಿಗೆ ಮೂತಿ ಇಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪೂಜೆಗೆ ಬಂದವರೆಲ್ಲ ಬರಿಗಾಲಲ್ಲಿ ತಮ್ಮ ತಮ್ಮ ಚಪ್ಪಲಿ ಹುಡುಕುತ್ತ ಇವರಿಬ್ಬರ ಸುತ್ತ ತಿರುಗಿದರು, ಅಷ್ಟೆ.

ಮಹಾದೇವಕ್ಕ ಇಳಿದಳು. ಸೆರಗು ಸರಿಮಾಡಿಕೊಂಡಳು. ಗಂಡನಿಗೆ ಮೆಲ್ಲಗೆ ಹೇಳಿದಳು: “ಇದು ಮೊದಲ ನಿಂದ್ರೂದು ಕಲೀಲಿ. ಆಮ್ಯಾಲ ನಾ ಹತ್ತತೀನಿ.”

ಮಾರನೆಯ ದಿನದಿಂದ ಅವಳು ಬಸ್ಸು. ಚನಬಸಪ್ಪ ಗ್ಯಾರೇಜಿಗೆ ಅಲೆದ. ಏನೇನೋ ಬದಲಾಯಿಸಿದರು, ಕೊನೆಗೆ “ಈ ಗಾಡಿ ಬ್ರೇಕು ಇಷ್ಟೇ ಗುರು, ಸ್ವಲ್ಪ ಮುಂಚೇನೇ ಒತ್ಕೊಳಿ” ಎಂದು ಕೈತೊಳೆದುಕೊಂಡರು. ಅವನು ಮುಂಚೆಯೇ ಒತ್ತಿಕೊಂಡು, ಅಂತರ ಬಿಟ್ಟು, ಬಸ್ಸಿನ ಹಿಂದೆ ಹೋಗಲು ಶುರುಮಾಡಿದ.

“ಅಣ್ಣ, ಬಸ್ಸಿನ ಹಿಂದೆ ಯಾಕೆ ಹೋಗ್ಬೇಕು? ಮುಂದೆ ಹೋಗೋಣ” ಎಂದೆ ಒಮ್ಮೆ.

“ಮನಿಯಾಕಿ ಬಸ್ಸಿನಾಗ ನಿಂತು ಬರೂದು, ನಾ ಕಾರಿನಾಗ ಆಕೀನ ದಾಟಿ ಹೋಗೂದು. ಚಲೋ ಕಾಣತೈತೇನೋ ತಮ್ಮಾ?”

“ಹಂಗಾದ್ರೆ ನೀನೂ ಬಸ್ಸಲ್ಲೇ ಬಾ.”

“ಕಾರು ವಠಾರದ ಮುಂದ ನಿಂತ್ರ ಮಂದಿ ಏನಂದಾರು?”

ಹೀಗೆ ಎರಡು ನಾಚಿಕೆಗಳ ನಡುವೆ ಬಸ್ಸಿನ ಹಿಂಭಾಗವೊಂದೇ ಅವನಿಗೆ ಉಳಿದ ಜಾಗ. ಮಹಾದೇವಕ್ಕ ಮುಂದಿನ ಹೆಂಗಸರ ಸೀಟು ಬಿಟ್ಟು ಹಿಂದಿನ ಕೊನೆಯ ಸೀಟಿಗೆ ಬಂದು ಕೂತು, ಗಾಜಿನಿಂದ ನಮ್ಮನ್ನೇ ನೋಡುತ್ತಿದ್ದಳು. ಒಮ್ಮೆ ನಾನು ಕೈ ಬೀಸಿದೆ. ಅವಳು ಬೀಸಲಿಲ್ಲ. ಕಂಡಕ್ಟರ್ ಮಾತ್ರ ತಲೆ ಹೊರಗೆ ಹಾಕಿ, “ಅಮ್ಮೋ, ನಿಮ್ ಎಸ್ಕಾರ್ಟ್ ಬಂತು, ಹೊರಡೋಣ್ವಾ?” ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಚನಬಸಪ್ಪನ ಗದ್ದ ಸ್ಟೇರಿಂಗಿಗೆ ತಾಗುತ್ತಿತ್ತು.

ಅವನಿಗೆ ಬೇಕಾದದ್ದು ಒಂದೇ: ಅವಳು ಮತ್ತೆ ಆ ಸೀಟಿನಲ್ಲಿ ಕೂರಬೇಕು. ನನಗೆ ಬೇಕಾದದ್ದು, ನನ್ನ ಡಿಪ್ಲೊಮಾ ಯಾವುದಕ್ಕಾದರೂ ಉಪಯೋಗಕ್ಕೆ ಬಂತು ಎಂದು ಯಾರಾದರೂ ಹೇಳಬೇಕು.

ಒಂದು ದಿನ ಅವನು ಗುಜರಿಯಿಂದ ಗೋಣಿಚೀಲದಲ್ಲಿ ಎರಡು ಬ್ರೇಕ್ ಕ್ಯಾಲಿಪರ್ ಹೊತ್ತು ತಂದ. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವುದೇ ಕ್ಯಾಲಿಪರ್. ಇವು ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಿದ್ದ ದೊಡ್ಡ ಕಾರೊಂದರವು. ಅವನ ಕಾರಿನದು ಮಗುವಿನ ಮುಷ್ಟಿಯಾದರೆ ಇವು ಪೈಲ್ವಾನರವು. ಗುಜರಿಯಲ್ಲಿ ಬಿಚ್ಚುವ ಮುಂಚೆಯೇ ಎಡದ್ದಕ್ಕೆ ಹಳದಿ, ಬಲದ್ದಕ್ಕೆ ಕೆಂಪು ಚುಕ್ಕೆ ಇಟ್ಟಿದ್ದ.

ದಾಸಪ್ಪನವರು ಬಗ್ಗಿ ನೋಡಿದರು. “ಏನಪ್ಪಾ ಚನಬಸಪ್ಪ, ವಿಮಾನಕ್ಕೆ ಹಾಕ್ತೀಯಾ ಇವನ್ನ?”

“ನಮ್ಮ ಕಾರಿಗೇ ರೀ. ಆದ್ರ ಬೋಲ್ಟಿನ ತೂತು ಕೂಡವಲ್ವು.”

ನಾನು ಅಲ್ಲೇ ಬಾಯಿ ಹಾಕಿದೆ: “ತೂತು ಕೂಡಿಸೋದು ನಂಗೆ ಬಿಡಣ್ಣ. ನಡುವೆ ಒಂದು ಪ್ಲೇಟು ಬಂದ್ರೆ ಆಯ್ತು. ಅದರ ಒಂದು ಕಡೆ ನಿನ್ನ ಕಾರಿನ ತೂತು, ಇನ್ನೊಂದು ಕಡೆ ಕ್ಯಾಲಿಪರ್‌ದು.”

ದಾಸಪ್ಪನವರು ವೇಸ್ಟ್ ತುಂಡಿನಲ್ಲಿ ಮಾಡಿಕೊಳ್ಳಿ ಎಂದು ಒಪ್ಪಿಗೆ ಕೊಟ್ಟರು. ನಾನು ಅಳೆದೆ, ಕಂಪ್ಯೂಟರಿನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಯಂತ್ರದಿಂದ ಇಳಿದ ಪ್ಲೇಟುಗಳು ಎಷ್ಟು ಚೆನ್ನಾಗಿದ್ದವೆಂದರೆ ಮೂಲೆಯಲ್ಲಿ ಸಣ್ಣದಾಗಿ ನನ್ನ ಹೆಸರನ್ನೂ ಕೆತ್ತಿಸಿಬಿಟ್ಟೆ. ಯಾರೂ ಕೇಳಿರಲಿಲ್ಲ.

ಜೋಡಿಸುವ ದಿನ ಒಂದೇ ಒಂದು ಕ್ಷಣ ಇಬ್ಬರೂ ತಡೆದೆವು. ಎಡದ ಚಕ್ರದ ಹತ್ತಿರ ಯಾವುದನ್ನು ಹಿಡಿದರೂ ಕೂರುವ ಹಾಗಿತ್ತು. ಚನಬಸಪ್ಪ ಗೋಡೆಯ ಬೋರ್ಡು ನೋಡಿದ. ನಾನೂ ನೋಡಿದೆ.

“ಹಳದಿ ಎಡಕ್ಕ” ಎಂದ.

“ಮತ್ತಿನ್ನೇನು, ಹಳದಿ ಎಡಕ್ಕೆ” ಎಂದೆ. ಯೋಚನೆ ಮಾಡುವ ಕೆಲಸ ಚುಕ್ಕೆಯೇ ಮಾಡಿಕೊಟ್ಟಿತು.

ಬ್ರೇಕಿನ ಪೈಪಿನಲ್ಲಿ ಗಾಳಿ ಉಳಿದರೆ ಪೆಡಲು ಮೆತ್ತಗಾಗುತ್ತದೆ, ಅದಕ್ಕೆ ಕ್ಯಾಲಿಪರಿನ ಸಣ್ಣ ನಿಪ್ಪಲ್ ಸಡಿಲಿಸಿ ಆಯಿಲಿನ ಜೊತೆ ಗಾಳಿಯನ್ನೂ ಹೊರಗೆ ತೆಗೆಯಬೇಕು. ಅದನ್ನೂ ಮಾಡಿದೆವು. ಪೆಡಲು ಮೊದಲ ಸಲ ಮೆತ್ತಗಿತ್ತು. ಮತ್ತೆ ಮತ್ತೆ ಒತ್ತಿದಾಗ ಕಲ್ಲಾಯಿತು. “ನೋಡಿದ್ಯಾ?” ಎಂದೆ ನಾನು. ಷೆಡ್ಡಿನೊಳಗೆ ಹಿಂದೆ ಮುಂದೆ ಓಡಿಸಿ, ಪ್ರತಿಸಲವೂ ನಾಲ್ಕಾರು ಬಾರಿ ಒತ್ತಿ ನಿಲ್ಲಿಸಿ, ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡೆವು.

ಪೀಣ್ಯದಲ್ಲಿ ಆಯುಧಪೂಜೆಯ ದಿನ ಮನೆಯವರೆಲ್ಲ ಕಾರ್ಖಾನೆಗೆ ಬರುತ್ತಾರೆ. ವರ್ಷವಿಡೀ ಗಂಡ ಯಾವ ಯಂತ್ರದ ಮುಂದೆ ನಿಲ್ಲುತ್ತಾನೋ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಯಂತ್ರಗಳಿಗೆ ವಿಭೂತಿ, ಬಾಳೆಕಂದು, ಚೆಂಡುಹೂವು. ಕೊನೆಯಲ್ಲಿ ವಾಹನಗಳ ಸರದಿ, ಚಕ್ರದ ಕೆಳಗೆ ನಿಂಬೆಹಣ್ಣು. ಮಹಾದೇವಕ್ಕನನ್ನು ಒಪ್ಪಿಸಲು ಹೋದವನು ನಾನು.

“ಅಕ್ಕ, ಈಗ ಅದು ಬೇರೆ ಕಾರು. ನಾನು ಗ್ಯಾರಂಟಿ.”

ಅವಳು ನನ್ನನ್ನು ಕಾಲರಿನ ಹೊಲಿಗೆ ನೋಡುವ ಹಾಗೆ ನೋಡಿದಳು. “ನಿನಗ ಗ್ಯಾರಂಟಿ ಯಾರು?” ಎಂದಳು. ಆದರೂ ಬಂದಳು, ಅದೇ ಪೂಜೆಯ ಸೀರೆಯಲ್ಲಿ. ಗೆಳತಿಯರಿಬ್ಬರನ್ನೂ ಕರೆತಂದಳು. ಗಂಡನ ಪಕ್ಕದಲ್ಲಿ ಕೂತಳು. ಆವತ್ತು ಚನಬಸಪ್ಪನ ಕತ್ತು ನೆಟ್ಟಗಿತ್ತು. ನಾನು ನೋಡಿದ್ದು ಅದೇ ಮೊದಲು.

ನಿಂಬೆಹಣ್ಣು ಚಟಚಟ ಒಡೆದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರು ಅಂಗಳದಲ್ಲಿ ನಾಲ್ಕು ಮಾರು ಬಂದು, ದಾಸಪ್ಪನವರ ಮುಂದೆ ನಿಂತು ಮಂಗಳಾರತಿ ತಗೊಳ್ಳಬೇಕಿತ್ತು. ಚನಬಸಪ್ಪ ಬ್ರೇಕು ಒತ್ತಿದ, ಒಂದು ಸಲ, ಎಲ್ಲ ಮನುಷ್ಯರೂ ಒತ್ತುವ ಹಾಗೆ. ಪೆಡಲು ನೆಲಕ್ಕೆ ಹೋಯಿತು. ಕಾರು ಮೆರವಣಿಗೆ ಹೊರಟ ಉತ್ಸವಮೂರ್ತಿಯಂತೆ ನಿಧಾನಕ್ಕೆ ಮುಂದೆ ಸಾಗಿತು. ದಾಸಪ್ಪನವರು ಆರತಿ ತಟ್ಟೆ ಸಮೇತ ಪಕ್ಕಕ್ಕೆ ಹಾರಿದರು. ಚನಬಸಪ್ಪ ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದ. ಹಬ್ಬದ ಹುರುಪಿನಲ್ಲಿ ಅದಕ್ಕೂ ನಾನೇ ಹೂವಿನ ಹಾರ ಸುತ್ತಿದ್ದೆ. ಅವನ ಕೈಗೆ ಹಾರ ಬಂತು, ಬ್ರೇಕು ಬರಲಿಲ್ಲ. ಬೂದುಗುಂಬಳದ ರಾಶಿ ಹತ್ತಿ, ಸಿಹಿ ಹಂಚಲು ಇಟ್ಟಿದ್ದ ಮೇಜಿಗೆ ಒರಗಿ ಕಾರು ವಿಶ್ರಾಂತಿಗೆ ನಿಂತಿತು. ಮೇಜಿನ ಆಚೆ ದಾಸಪ್ಪನವರ ತಾಯಿ ಸೊಣ್ಣಮ್ಮ ಕೂತಿದ್ದರು. ಕದಲಲಿಲ್ಲ.

“ಎಲ್ರೂ ನಡ್ಕೊಂಡ್ ಬಂದು ಈಸ್ಕೊಂಡ್ರೆ ಇವ್ನು ಕಾರಲ್ಲೇ ಬಂದವ್ನಲ್ಲಪ್ಪ ಲಾಡು ಈಸ್ಕಳಕೆ!” ಎಂದರು.

ಅಂಗಳ ನಗೆಯಲ್ಲಿ ಬಿದ್ದು ಹೊರಳಾಡಿತು. ನನಗೆ ತಡೆಯಲಾಗಲಿಲ್ಲ. “ಅಣ್ಣಂದು ತಪ್ಪಿಲ್ಲ, ಪ್ಲೇಟು ಮಾಡಿದ್ದು ನಾನು!” ಎಂದು ಕೂಗಿದೆ. ಮಾನ ಉಳಿಸಲು ಹೋದವನಿಗೆ ಸಿಕ್ಕಿದ್ದು ಇನ್ನೊಂದು ಸುತ್ತಿನ ನಗೆ. “ಗೊತ್ತು ಮಗಾ, ಹೆಸರು ಕೆತ್ತಿದೀಯಲ್ಲ!” ಎಂದ ಯಾರೋ.

ಮಹಾದೇವಕ್ಕ ಇಳಿದಳು. ಸೀರೆಗೆ ಹತ್ತಿದ ಕುಂಬಳದ ಬೀಜ ಒಂದೊಂದಾಗಿ ತೆಗೆದು, ಗೇಟು ದಾಟಿ ಬಸ್‌ಸ್ಟಾಪಿನ ಕಡೆಗೆ ನಡೆದಳು. ಗೆಳತಿಯರು ಹಿಂದೆ ಹೋದರು. ಚನಬಸಪ್ಪ ಕಾರಿನೊಳಗೇ, ಕೈಯಲ್ಲಿ ಹೂವಿನ ಹಾರ ಹಿಡಿದು, ಎದೆಗೆ ಗದ್ದ ಊರಿ ಕೂತಿದ್ದ. ನಾನು ಬಾಗಿಲು ತೆಗೆದೆ. ಅವನು ಅದನ್ನು ಒಳಗಿನಿಂದ ಮತ್ತೆ ಹಾಕಿಕೊಂಡ.

ಆಮೇಲೆ ಅವನು ಕಾರನ್ನು ಷೆಡ್ಡಿನ ಮೂಲೆಗೆ ತಳ್ಳಿ ಟಾರ್ಪಾಲು ಹೊದಿಸಿದ. ಬಸ್ಸಿನ ಹಿಂದೆ ಹೋಗುವುದೂ ನಿಂತಿತು. ಹೆಂಡತಿಯ ಬಸ್ಸು ಹೋಗುವ ಮುಂಚೆಯೇ ಮನೆ ಬಿಟ್ಟು ನಡೆದು ಬರುತ್ತಿದ್ದ. ಊಟ ಮೊದಲಿನಂತೆ ಲೇತಿನ ಮರೆಯಲ್ಲೇ. ನಾನು ಅವನ ಪಕ್ಕ ಹೋಗಿ ಕೂತರೆ ಎದ್ದು ಹೋಗುತ್ತಿರಲಿಲ್ಲ, ಆದರೆ ಮಾತೂ ಇಲ್ಲ. ರೊಟ್ಟಿ ಮುರಿದು ನನ್ನ ಡಬ್ಬದ ಮುಚ್ಚಳದಲ್ಲಿ ಇಡುತ್ತಿದ್ದ. ಬೈದಿದ್ದರೆ ಅದನ್ನು ನುಂಗುವುದು ರೊಟ್ಟಿಗಿಂತ ಸುಲಭವಾಗುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ನಾನೇ ಹೇಳಿದೆ: “ಅಣ್ಣ, ಪ್ಲೇಟು ಬಗ್ಗಿದೆಯೋ ಏನೋ, ಬಿಚ್ಚಿ ನೋಡೋಣ.”

ಬಿಚ್ಚಿದೆವು. ಪ್ಲೇಟು ಬಗ್ಗಿರಲಿಲ್ಲ. ನನ್ನ ಹೆಸರು ಮೊದಲಿನಂತೆಯೇ ಹೊಳೆಯುತ್ತಿತ್ತು, ಅದೇ ಬೇಜಾರು. ಕ್ಯಾಲಿಪರ್ ಪೈಪಿಗೆ ಹಾಗೇ ನೇತಾಡುತ್ತಿತ್ತು. ಮತ್ತೊಮ್ಮೆ ಗಾಳಿ ತೆಗೆಯೋಣವೆಂದು ತಟ್ಟೆಯ ಜಾಗಕ್ಕೆ ಮರದ ತುಂಡು ಸಿಕ್ಕಿಸಿದೆವು. ಚನಬಸಪ್ಪ ಪೆಡಲಿನ ಮೇಲೆ ಕಾಲಿಟ್ಟು ಕೂತ. ನಾನು ಕ್ಯಾಲಿಪರನ್ನು ಕೈಯಲ್ಲಿ ಹಿಡಿದೆ. ಸರಿಯಾಗಿ ಹಿಡಿಯಲು ಬರದೆ ಅದು ಕೈಯಲ್ಲೇ ಹೊರಳಿ ತಲೆಕೆಳಗಾಯಿತು. ಅದೇ ಹೊತ್ತಿಗೆ ಅವನು ಒತ್ತಿದ, ನಾನು ನಿಪ್ಪಲ್ ಸಡಿಲಿಸಿದೆ. ಗುಳುಗುಳು ಗುಳುಗುಳು ಎಂದು ಗಾಳಿ ಗುಳ್ಳೆಗಳು ಬಂದವು, ಬರುತ್ತಲೇ ಇದ್ದವು.

“ಏನಾತು?” ಎಂದ ಒಳಗಿನಿಂದ.

“ಅಣ್ಣ, ಇಳಿದು ಬಾ.”

ಅವನು ಬಂದು ನೋಡಿದ. ಇಬ್ಬರೂ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತೆವು. ಕೈಯಲ್ಲಿ ಹೊರಳಿದ್ದರಿಂದ ನಿಪ್ಪಲ್ ಈಗ ಮೇಲಕ್ಕೆ ಬಂದಿತ್ತು. ಕಾರಿಗೆ ಜೋಡಿಸಿದ್ದಾಗ ಅದು ಕೆಳಗಿತ್ತು. ಗಾಳಿ ಯಾವತ್ತೂ ಮೇಲೆ ಹೋಗಿ ಕೂರುತ್ತದೆ. ನಾವು ಕೆಳಗಿನಿಂದ ಎಷ್ಟು ಆಯಿಲ್ ತೆಗೆದರೂ ಅದು ಮೇಲೆ ಹಾಯಾಗಿತ್ತು. ಗುಜರಿಯ ಕಾರಿನಲ್ಲಿ ಕ್ಯಾಲಿಪರ್ ಇದ್ದದ್ದು ಚಕ್ರದ ಹಿಂಭಾಗಕ್ಕೆ. ಇವನ ಕಾರಿನಲ್ಲಿ ಅದು ಮುಂಭಾಗಕ್ಕೆ ಬರಬೇಕು. ಹಿಂದಿನದನ್ನು ಅದೇ ಚಕ್ರದಲ್ಲಿ ಮುಂದಕ್ಕೆ ತಂದರೆ ಮೇಲಿದ್ದದ್ದು ಕೆಳಗಾಗುತ್ತದೆ. ಸರಿಯಾಗಿ ಕೂರಬೇಕಾದರೆ ಅಲ್ಲಿನ ಎಡದ್ದು ಇಲ್ಲಿ ಬಲಕ್ಕೆ ಬರಬೇಕಿತ್ತು, ಬಲದ್ದು ಎಡಕ್ಕೆ.

ನಾನು ಹೇಳಿದೆ. ಚನಬಸಪ್ಪ ತಲೆಯೆತ್ತಿ ಬೋರ್ಡು ನೋಡಿದ.

“ಎಡದ್ದು ಬಲಕ್ಕ ಹಾಕಂತೀಯೇನೋ ತಮ್ಮಾ?”

“ಹೌದಣ್ಣ.”

“ಬೇಕಂತನ?”

“ಬೇಕಂತಲೇ.”

ಅವನು ತನ್ನ ಎರಡೂ ಅಂಗೈ ನೋಡಿಕೊಂಡ. “ಆವತ್ತು ಅವರ ಕಂಪನ್ಯಾಗ ಎರಡೂ ಕೈಯಾಗ ಹಿಡಕೊಂಡು ನಿಂತಿದ್ನೆಲ್ಲ, ಕೈ ಈಗೂ ಭಾರ ಅನಸ್ತೈತಿ” ಎಂದ. ಆಮೇಲೆ ಬಣ್ಣ ಕರಗಿಸುವ ಥಿನ್ನರಿನಲ್ಲಿ ಬಟ್ಟೆ ಅದ್ದಿ, ಸುತ್ತ ನೋಡಿ, ಹಳದಿ ಚುಕ್ಕೆ ಒರೆಸಿದ. ಕೆಂಪು ಚುಕ್ಕೆಗೆ ಬಂದಾಗ ಹಿಂದೆ ದಾಸಪ್ಪನವರು ನಿಂತಿದ್ದರು. ಬಟ್ಟೆ ಇವನ ಕೈಯಿಂದ ಜಾರಿತು.

“ಏನ್ರಪ್ಪಾ, ಮತ್ತೆ ಅದೇನಾ?” ಎಂದರು. ನಾನು ತೊದಲುತ್ತ ಎಲ್ಲ ಹೇಳಿದೆ. ಅವರು ಚಕ್ರ ನೋಡಿದರು, ಬೋರ್ಡು ನೋಡಿದರು, ಚನಬಸಪ್ಪನ ಬಗ್ಗಿದ ಕತ್ತು ನೋಡಿದರು. ತಮ್ಮ ಹೆಗಲ ಮೇಲಿನ ಟವೆಲ್ಲು ತೆಗೆದು ಬೋರ್ಡಿನ ಮೇಲೆ ನೇತುಹಾಕಿ, “ಬೇಗ ಮುಗಿಸ್ರಿ, ಟವೆಲ್ ಬೇಕು ನಂಗೆ” ಎಂದು ಹೋದರು.

ಪ್ಲೇಟುಗಳನ್ನೂ ಮಗುಚಿ ಹಾಕಬೇಕಾಯಿತು. ನನ್ನ ಹೆಸರು ಈಗ ತಲೆಕೆಳಗಾಗಿ ಒಳಮುಖವಾಗಿದೆ, ಓದಬೇಕಾದರೆ ಕಾರಿನ ಕೆಳಗೆ ಅಂಗಾತ ಮಲಗಬೇಕು. ಪೆಡಲು ಈಗ ಒಂದೇ ಸಲಕ್ಕೆ ಗಟ್ಟಿ. ಎರಡನೇ ಹಂತದ ಖಾಲಿ ರಸ್ತೆಗಳಲ್ಲಿ ಒತ್ತಿ ಒತ್ತಿ ನೋಡಿದೆವು. ನನ್ನ ಹಣೆ ಡ್ಯಾಷ್‌ಬೋರ್ಡಿಗೆ ಬಡಿದಾಗ ಚನಬಸಪ್ಪ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕ. ಹೆಂಡತಿಗೆ ಹೇಳು ಎಂದರೆ ಮಾತ್ರ ಒಪ್ಪಲಿಲ್ಲ. “ಯಾವ ಮಾರಿ ಇಟಗೊಂಡು ಹೇಳ್ಲಿ? ನೀ ಅಂತೂ ಬಾಯಿ ಬಿಡಬ್ಯಾಡ, ಗ್ಯಾರಂಟಿ ಸಾಹೇಬ.”

ಮತ್ತೆ ಬಸ್ಸಿನ ಹಿಂದೆ ಹೊರಟೆವು. ಮಹಾದೇವಕ್ಕ ಅದೇ ಕೊನೆಯ ಸೀಟಿನಲ್ಲಿದ್ದಳು, ಅದೇ ಮುಖ. ಬಸ್ಸು ನಿಂತಲ್ಲೆಲ್ಲ ಕಾರು ನಿಂತಿತು. ಹೀಗೇ ದಿನಗಳು ಹೋದವು. ಒಂದು ಬೆಳಿಗ್ಗೆ ದಾಸರಹಳ್ಳಿಯ ಹತ್ತಿರ ಮೆಟ್ರೋದವರ ತಗಡಿನ ಮರೆಯಿಂದ ಆಟೋ ಒಂದು ಅಡ್ಡ ನುಗ್ಗಿತು. ಬಸ್ಸು ಕಿರ್ರೆಂದು ನಿಂತಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಬಸ್ಸಿಗೂ ನಮಗೂ ನಡುವೆ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಆರಾಮವಾಗಿ ರಸ್ತೆ ದಾಟುತ್ತಿದ್ದಳು.

ಬಸ್ಸು ಸ್ವಲ್ಪ ಮುಂದೆ ಸ್ಟಾಪಿನಲ್ಲಿ ನಿಂತಿತು. ಮುಂದಿನ ಬಾಗಿಲಿನಿಂದ ಮಹಾದೇವಕ್ಕ ಇಳಿದು ನಮ್ಮ ಕಡೆಗೆ ನಡೆದು ಬಂದಳು. ನನ್ನ ಕಿಟಕಿಯ ಹತ್ತಿರ ನಿಂತಳು.

“ಇಳಿ” ಎಂದಳು.

ಇಳಿದೆ.

“ಗೊರಗುಂಟೆಪಾಳ್ಯ ತನಕ ತಗೊಂಡೀನಿ. ಹಾಳಾಗಬಾರದು.” ಟಿಕೆಟ್ಟನ್ನು ನನ್ನ ಕೈಗಿಟ್ಟು, ಸೀಟನ್ನು ಸೆರಗಿನಿಂದ ಒಮ್ಮೆ ಒರೆಸಿ, ಕೂತು ಬಾಗಿಲು ಹಾಕಿಕೊಂಡಳು. ನಾನು ಓಡಿ ಬಸ್ಸು ಹತ್ತಿದೆ.

ಕಂಡಕ್ಟರ್ ಟಿಕೆಟ್ ನೋಡಿದ. “ಇದು ಆ ಅಮ್ಮಂದಲ್ವೇನ್ರೀ?”

“ಅವರು ಹಿಂದಿನ ಕಾರಲ್ಲಿದ್ದಾರೆ ಸಾರ್.”

“ಕಾರಲ್ಲಿದ್ದ ನಿಮಗೆ ಟಿಕೆಟ್ಟು, ಟಿಕೆಟ್ ತಗೊಂಡ ಅವರಿಗೆ ಕಾರು. ಏನ್ ಸಂಸಾರಾನೋ ನಿಮ್ದು!”

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ನಾನು ಹೋಗಿ ಅವಳ ಕೊನೆಯ ಸೀಟಿನಲ್ಲಿ ಕೂತು ಗಾಜಿನಲ್ಲಿ ನೋಡಿದೆ. ಅಲ್ಲಿಂದ ಕಾರಿನ ಒಳಗಿನವರ ಮುಖಕ್ಕಿಂತ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಬಸ್ಸಿಗೂ ಕಾರಿಗೂ ನಡುವಿನ ಅಂತರ. ಇಷ್ಟು ದಿನ ಅವಳು ನಮ್ಮ ಮುಖ ನೋಡುತ್ತಿದ್ದಾಳೆಂದುಕೊಂಡು ಕೈ ಬೀಸಿದ್ದೆನಲ್ಲ, ಆ ಕೈಯನ್ನು ಎಲ್ಲಿ ಬಚ್ಚಿಡಲಿ ಎನಿಸಿತು.

ಕಾರ್ಖಾನೆಗೆ ತಿರುಗಬೇಕಾದ ಜಾಲಹಳ್ಳಿ ಕ್ರಾಸಿನಲ್ಲಿ ಕಾರು ತಿರುಗಲಿಲ್ಲ. ನೇರ ಬಂತು. ನಾನೂ ಇಳಿಯುವುದನ್ನು ಮರೆತೆ.

ಗಾರ್ಮೆಂಟ್ಸಿನ ಗೇಟಿನ ಮುಂದೆ ಹೆಂಗಸರು ಗುಂಪುಗುಂಪಾಗಿ ಒಳಗೆ ಹೋಗುತ್ತಿದ್ದರು. ಕಾರು ಸರಿಯಾಗಿ ಗೇಟಿನ ಎದುರಿಗೆ ಬಂತು. ಗುಡಿಯ ಹತ್ತಿರ ಚಪ್ಪಲಿ ಹುಡುಕಿದ್ದ ಗೆಳತಿಯೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದು, “ಲೇ ಮಹಾದೇವಿ, ನಿಂತೈತೋ, ಇನ್ನೂ ಹೋಗತೈತೋ?” ಎಂದಳು.

ಮಹಾದೇವಕ್ಕ ಇಳಿದು ಬಾನೆಟ್ಟಿನ ಮೇಲೆ ಅಂಗೈಯಿಂದ ಒಮ್ಮೆ ಬಡಿದಳು. “ನಿಂತೈತಿ.”

ಬಸ್ಸಿಳಿದು ಓಡಿಬಂದ ನನ್ನನ್ನು ನೋಡಿ, “ನಾಳಿಂದ ನೀ ಹಿಂದ ಕುಂದರು” ಎಂದು ಹೇಳಿ ಗೇಟಿನ ಕಡೆಗೆ ನಡೆದಳು. ನಾನು ಅಂದಿನಿಂದಲೇ ಹಿಂದೆ ಕೂತೆ. ಕೆಲಸಕ್ಕೆ ಹೊತ್ತಾಗಿತ್ತು. ಚನಬಸಪ್ಪ ಹೊರಡಲಿಲ್ಲ. ಕತ್ತು ಬಗ್ಗಿಸಿ ಕೂತಿದ್ದ. ಬಗ್ಗಿ ನೋಡಿದೆ, ಅವನ ಬಲಗಾಲು ಬ್ರೇಕನ್ನು ಇನ್ನೂ ಬಲವಾಗಿ ಒತ್ತಿ ಹಿಡಿದಿತ್ತು.

“ಆಕಿ ಒಳಗ ಹೋದ್ಲೇನ್ ತಮ್ಮಾ?” ಎಂದ, ತಲೆ ಎತ್ತದೆ. “ಕಾಲ ತಗೀಲೇನು?”